ಗಾಜಿಯಾಬಾದಿನಲ್ಲಿ ನಂದಿ ಬೆಟ್ಟದ ಕೆಂಪು ವೈನ್: ಒಂದು ಲೋಟದ ಹಿಂದಿನ ಇತಿಹಾಸ

ಈ ವಾರದ ವಿಡಿಯೋದಲ್ಲಿ ಹೇಳಿದ್ದನ್ನ ಎಂದಿನಂತೆ ಇಲ್ಲಿ ಬರಹದಲ್ಲಿ ಹಾಕ್ತಾ ಇದ್ದೀನಿ. ಮಾತಾಡುವಾಗ ತಪ್ಪಿಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ. ಮೊದಲೇ ಒಂದು ಮಾತು: ಇದು ಕುಡಿಯಿರಿ ಅಂತ ಹೇಳೋ ವಿಡಿಯೋ ಅಲ್ಲ. ನಮ್ಮ ಚಾನೆಲ್ಲಿನಲ್ಲಿ ಹಿಂದೆ ಉಪ್ಪಿನ ಬಗ್ಗೆ ಮಾಡಿದ್ದೆವಲ್ಲ, ಹಾಗೆಯೇ ಇದೂ ಒಂದು ಪದಾರ್ಥದ ಇತಿಹಾಸ.

ನಾನಿರೋದು ಗಾಜಿಯಾಬಾದಿನ ಇಂದಿರಾಪುರಂನಲ್ಲಿ, ಕೆಲಸ ನೋಯ್ಡಾದಲ್ಲಿ. ಹುಟ್ಟೂರು ಚಿಕ್ಕಬಳ್ಳಾಪುರದ ಕಡೆ. ಹೋದ ಚಳಿಗಾಲದಲ್ಲಿ ಒಂದು ಶನಿವಾರ ಸಂಜೆ ನಮ್ಮ ಫ್ಲಾಟಿನಲ್ಲಿ ಐದು ಜನ ಸೇರಿದ್ದೆವು. ಎಲ್ಲರೂ ಇಂಜಿನಿಯರುಗಳೇ. ನಾನು ಮೂರು ಕೆಂಪು ವೈನ್ ಬಾಟಲಿಗಳನ್ನ ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ 1, 2, 3 ಅಂತ ಬರೆದಿಟ್ಟಿದ್ದೆ. ಒಂದು ಫ್ರಾನ್ಸಿನದು, ಒಂದು ಆಸ್ಟ್ರೇಲಿಯಾದ್ದು, ಇನ್ನೊಂದು ನಂದಿ ಬೆಟ್ಟದ ತಪ್ಪಲಿನದು. ಕುಡಿದು, ಯಾವುದು ಇಷ್ಟ, ಯಾವ ದೇಶದ್ದು ಅಂತ ಚೀಟಿಯಲ್ಲಿ ಬರೆಯಬೇಕು, ಅಷ್ಟೇ ಆಟ.

ಚೀಟಿ ಬಿಚ್ಚಿ ನೋಡಿದರೆ ಇಬ್ಬರು ನಂದಿಯದನ್ನ ಮೊದಲನೆಯದಾಗಿ ಬರೆದಿದ್ದರು. ಒಬ್ಬರು ಅದನ್ನ ಆಸ್ಟ್ರೇಲಿಯಾದ್ದು ಅಂತ ಗುರುತಿಸಿದ್ದರು, ಒಬ್ಬರು ಸ್ಪೇನ್ ಅಂದಿದ್ದರು. ಭಾರತ ಅಂತ ಒಬ್ಬರೂ ಬರೆದಿರಲಿಲ್ಲ. ಐದು ಚೀಟಿಯಿಂದ ಏನೂ ಸಾಬೀತಾಗೋದಿಲ್ಲ, ಅದು ನನಗೂ ಗೊತ್ತು. ಆದರೆ ಪೇಪರ್ ಬಿಚ್ಚಿದಾಗ ಮೀರತ್ ಕಡೆಯ ಗೆಳೆಯ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. "ಕರ್ನಾಟಕದಲ್ಲಿ ವೈನಾ? ಅಲ್ಲಿ ಕಾಫಿ ಅಲ್ವಾ ಬೆಳೆಯೋದು?"

ಒಗರು ಅನ್ನೋ ಪದ ನಮ್ಮಲ್ಲೇ ಇದೆ

ಇತಿಹಾಸಕ್ಕೆ ಹೋಗೋ ಮುಂಚೆ ರುಚಿಯ ಬಗ್ಗೆ ಒಂದಿಷ್ಟು. ವೈನ್ ರುಚಿ ನೋಡೋದು ಅಂದ್ರೆ ಏನೋ ದೊಡ್ಡವರ ಆಟ, ಅದಕ್ಕೆ ಇಂಗ್ಲಿಷೋ ಫ್ರೆಂಚೋ ಬೇಕು ಅಂತ ನಾವು ಅಂದುಕೊಂಡಿರ್ತೀವಿ. ನಿಜವಾಗಿ ನೋಡಿದರೆ ಕನ್ನಡ ಸಾಕು. ಕೆಂಪು ವೈನಿನಲ್ಲಿ ನಾಲಿಗೆ, ವಸಡು ಒಣಗಿದ ಹಾಗೆ ಆಗುತ್ತಲ್ಲ, ಅದಕ್ಕೆ ಕಾರಣ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರೋ ಟ್ಯಾನಿನ್. ನಮ್ಮಲ್ಲಿ ಅದಕ್ಕೆ ಒಗರು ಅಂತಾರೆ. ಬಾಳೆಕಾಯಿ, ನೇರಳೆ ಹಣ್ಣು, ಅಡಿಕೆ ಬಾಯಿಗೆ ಹಾಕಿಕೊಂಡವರಿಗೆಲ್ಲ ಅದು ಗೊತ್ತು.

ಆ ನಂದಿಯ ವೈನ್ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಅನ್ನೋ ಎರಡು ತಳಿಗಳ ಬೆರಕೆ. ಶಿರಾಜಿನಲ್ಲಿ ಕಾಳುಮೆಣಸಿನ ವಾಸನೆ ಬರುತ್ತೆ ಅಂತ ಬಹಳ ಕಾಲದಿಂದ ಹೇಳ್ತಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದಕ್ಕೆ ಕಾರಣ ರೋಟಂಡೋನ್ ಅನ್ನೋ ಅಣು ಅಂತ ತೋರಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿ ಇರೋದೂ ಅದೇ ಅಣು. ಹಾಗೆಯೇ ಕ್ಯಾಬರ್ನೆಯಲ್ಲಿ ಒಮ್ಮೊಮ್ಮೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗಿನ ವಾಸನೆ ಬರುತ್ತೆ. ಅದು ಪೈರಜೀನ್ ಅನ್ನೋ ಅಣುಗಳಿಂದ. ನನ್ನ ಲೋಟದಲ್ಲಿ ಕಂಡಿದ್ದು ನೇರಳೆ ಬಣ್ಣ, ಕಾಳುಮೆಣಸು, ಸ್ವಲ್ಪ ಮರದ ಪೀಪಾಯಿಯ ವಾಸನೆ, ಕೊನೆಯಲ್ಲಿ ಒಗರು. ಚೆನ್ನಾಗಿತ್ತು.

ಅನಿರೀಕ್ಷಿತ ಅಂದರೆ ಯಾರಿಗೆ?

ವೈನ್ ದ್ರಾಕ್ಷಿ ಬೆಳೆಯೋದಕ್ಕೆ ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿ ದೂರ ಇರಬೇಕು ಅನ್ನೋದು ಹಳೆಯ ಪಾಠ. ನಂದಿ ಬೆಟ್ಟ ಇರೋದು 13 ಡಿಗ್ರಿಯಲ್ಲಿ. ಆ ಪಾಠದ ಪ್ರಕಾರ ಅಲ್ಲಿ ವೈನ್ ಆಗಲೇಬಾರದು. ಆದರೆ ನಮ್ಮ ಇತಿಹಾಸ ಬೇರೆ ಕಥೆ ಹೇಳುತ್ತೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ, ಅಂದರೆ ಈಗಿನ ಅಬಕಾರಿ ಕಮಿಷನರ್ ಥರದವರ ಬಗ್ಗೆ ಒಂದು ಅಧ್ಯಾಯವಿದೆ. ಅದರಲ್ಲಿ ದ್ರಾಕ್ಷಾರಸದಿಂದ ಮಾಡಿದ ಮದ್ಯಕ್ಕೆ ಮಧು ಅಂತ ಹೆಸರು, ಅದು ಬೆಳೆಯೋ ಊರಿನ ಮೇಲೆ ಕಾಪಿಶಾಯನ, ಹಾರಹೂರಕ ಅಂತ ಎರಡು ಬಗೆ ಅಂತ ಬರುತ್ತೆ. ಕಾಪಿಶಾಯನ ಅಂದರೆ ಕಾಪಿಶದ್ದು, ಅಂದರೆ ಈಗಿನ ಅಫ್ಘಾನಿಸ್ತಾನದ ಬೇಗ್ರಾಮ್ ಸುತ್ತಮುತ್ತಲಿನದು. ಊರಿನ ಹೆಸರಿನಿಂದ ವೈನ್ ಗುರುತಿಸೋ ಪದ್ಧತಿ ಫ್ರೆಂಚರ ಸ್ವತ್ತು ಅಂದುಕೊಂಡವರು ಇದನ್ನ ಗಮನಿಸಬೇಕು.

ದೆಹಲಿ ಕಡೆ ಬಂದರೆ ಬಾಬರ್ ಸಿಗ್ತಾನೆ. ಕಾಬೂಲಿನ ದ್ರಾಕ್ಷಿ, ಕರಬೂಜ ಇಲ್ಲಿ ಸಿಗಲ್ಲ ಅಂತ ಅವನಿಗೆ ದೊಡ್ಡ ಕೊರಗು. 1527ರಲ್ಲಿ ಖಾನ್ವಾ ಯುದ್ಧಕ್ಕೆ ಮುಂಚೆ ಕುಡಿತ ಬಿಡ್ತೀನಿ ಅಂತ ಪ್ರತಿಜ್ಞೆ ಮಾಡಿ ಬಟ್ಟಲುಗಳನ್ನ ಒಡೆಸಿದ. ಆದರೆ ದ್ರಾಕ್ಷಿಯ ಆಸೆ ಬಿಡಲಿಲ್ಲ. ಆಗ್ರಾದ ತನ್ನ ತೋಟದಲ್ಲಿ ಬಳ್ಳಿ ನೆಡಿಸಿದ. 1529ರಲ್ಲಿ ಹಣ್ಣು ಬಂದಾಗ ಎಷ್ಟು ಖುಷಿಪಟ್ಟ ಅಂತ ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇನ್ನು ದಕ್ಷಿಣದ ಕಡೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆ ಎರಡು ಸಲ ಹಣ್ಣಾಗ್ತವೆ ಅಂತ ದಾಖಲಿಸಿದ. ಈ 'ಎರಡು ಸಲ' ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. 16ನೇ ಶತಮಾನದಲ್ಲಿ ಕೃಷ್ಣದೇವರಾಯನ ಕಾಲದ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ಒಂದು ಪಣಕ್ಕೆ ಎಷ್ಟು ಗೊಂಚಲು ದ್ರಾಕ್ಷಿ ಸಿಗುತ್ತೆ ಅಂತ ಲೆಕ್ಕ ಬರೆದಿಟ್ಟಿದ್ದಾನೆ. ಅಂದರೆ ಕರ್ನಾಟಕಕ್ಕೆ ದ್ರಾಕ್ಷಿ ಹೊಸದಲ್ಲ. ಹೊಸದು ಏನಪ್ಪಾ ಅಂದರೆ, ವೈನಿಗಾಗಿಯೇ ಬೆಳೆಯೋ ಫ್ರೆಂಚ್ ತಳಿಗಳು.

ಮಳೆಗಾಲ ಮುಗಿದ ಮೇಲೆ ಬಳ್ಳಿಯನ್ನ ಎಬ್ಬಿಸೋದು

1980ರ ದಶಕದಲ್ಲಿ ಕನ್ವಲ್ ಗ್ರೋವರ್ ಅನ್ನೋ ಮುಂಬೈ ಉದ್ಯಮಿ ವ್ಯಾಪಾರದ ಮೇಲೆ ಪದೇ ಪದೇ ಫ್ರಾನ್ಸಿಗೆ ಹೋಗಿ ಬರ್ತಿದ್ದರು. ಅಲ್ಲಿ ವೈನಿನ ರುಚಿ ಹತ್ತಿತು. ಭಾರತದಲ್ಲಿ ಯಾಕೆ ಆಗಬಾರದು ಅಂತ ಶಾಂಪೇನ್ ಪ್ರಾಂತ್ಯದ ಅನುಭವಿ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಬೇರೆ ಬೇರೆ ಕಡೆ ಮಣ್ಣು, ಹವೆ ನೋಡಿ, 30ಕ್ಕೂ ಹೆಚ್ಚು ಫ್ರೆಂಚ್ ತಳಿಗಳನ್ನ ಪರೀಕ್ಷಿಸಿ, ಕೊನೆಗೆ ದೊಡ್ಡಬಳ್ಳಾಪುರದ ಹತ್ತಿರ ನಂದಿಯ ತಪ್ಪಲನ್ನ ಆರಿಸಿದರು. 1988ರಲ್ಲಿ ತೋಟ ಶುರುವಾಯಿತು, 1992ರ ಹೊತ್ತಿಗೆ ವೈನ್ ಮಾರುಕಟ್ಟೆಗೆ ಬಂತು. 1990ರ ದಶಕದ ನಡುವಿನಿಂದ ಬೋರ್ಡೊದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಕೈಜೋಡಿಸಿದರು.

ನಂದಿಯೇ ಯಾಕೆ? ಎತ್ತರ. ಬೆಟ್ಟದ ತುದಿ 1,478 ಮೀಟರ್ ಇದ್ದರೆ ತಪ್ಪಲಿನ ತೋಟಗಳು ಸುಮಾರು 900 ಮೀಟರ್ ಮೇಲಿವೆ. ಹಗಲಿನ ಬಿಸಿಲಿಗೆ ಸಕ್ಕರೆ ಕೂಡುತ್ತೆ, ರಾತ್ರಿ ತಂಪಿಗೆ ಹುಳಿ ಉಳಿಯುತ್ತೆ. ಹುಳಿ ಇಲ್ಲದ ವೈನ್ ಅಂದರೆ ನಿಂಬೆಹಣ್ಣಿಲ್ಲದ ಚಿತ್ರಾನ್ನ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಇಷ್ಟವಾದದ್ದು. ಫ್ರಾನ್ಸಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ವರ್ಷಕ್ಕೆ ಒಂದು ಸಲ ಸವರೋದು, ಒಂದು ಬೆಳೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಬೆಳೀತಾನೇ ಇರುತ್ತೆ. ಅದಕ್ಕೆ ಎರಡು ಸಲ ಸವರ್ತಾರೆ. ಬೇಸಿಗೆಯಲ್ಲಿ ಒಂದು ಸಲ, ಕಡ್ಡಿ ಬಲಿಯಲಿ ಅಂತ. ಮಳೆಗಾಲ ಮುಗಿಯೋ ಹೊತ್ತಿಗೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸಲ, ಹಣ್ಣಿಗಾಗಿ. ವಿಜಯಪುರದ ರೈತರು ಇದಕ್ಕೆ ಚಾಟನಿ ಅಂತಾರೆ, ನಮ್ಮ ಕಡೆ ಕಟಿಂಗ್. ಹಾಗೆ ಮಾಡಿದರೆ ಹಣ್ಣು ಫೆಬ್ರವರಿ, ಮಾರ್ಚಿಗೆ ಸಿಗುತ್ತೆ. ಮಳೆಯೂ ಇಲ್ಲ, ಕಡು ಬೇಸಿಗೆಯೂ ಬಂದಿರಲ್ಲ. ಬಳ್ಳಿಯ ಕ್ಯಾಲೆಂಡರನ್ನ ಕತ್ತರಿಯಿಂದ ಬದಲಾಯಿಸಿದ ಹಾಗೆ. ಅಂಗಡಿಗಳಲ್ಲಿ ಹವಾಮಾನ ಮಾರೋದಿಲ್ಲ, ಆದರೆ ಯಾವ ತಿಂಗಳ ಹವಾಮಾನ ಹಣ್ಣಿಗೆ ತಾಗಬೇಕು ಅಂತ ರೈತ ಆರಿಸಿಕೊಳ್ಳಬಹುದು. ಇಬ್ನ್ ಬತೂತ ನೋಡಿದ 'ಎರಡು ಸಲ'ದ ಹಿಂದಿರೋ ಗುಣವೇ ಇದು.

ಪೇಪರ್ ಸುತ್ತಿ ರುಚಿ ನೋಡೋ ಆಟವೂ ನನ್ನದಲ್ಲ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಅನ್ನೋ ಬ್ರಿಟಿಷ್ ವೈನ್ ವ್ಯಾಪಾರಿ ಹೆಸರು ಮುಚ್ಚಿಟ್ಟು ಫ್ರೆಂಚ್ ಪರಿಣತರಿಗೆ ವೈನ್ ಕೊಟ್ಟರು. ಕೆಂಪಿನಲ್ಲಿ ಗೆದ್ದಿದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್, 1973ರದು. ಅಲ್ಲಿವರೆಗೆ ಕ್ಯಾಲಿಫೋರ್ನಿಯಾವೂ ಅನಿರೀಕ್ಷಿತ ಜಾಗವೇ. ಅದೇ ಸ್ಪರಿಯರ್ 2005ರಲ್ಲಿ ಡಿಕ್ಯಾಂಟರ್ ಪತ್ರಿಕೆಯಲ್ಲಿ ನಂದಿಯ ಲಾ ರಿಸರ್ವ್ ವೈನನ್ನ ಹೊಸ ಜಗತ್ತಿನ ಕೆಂಪು ವೈನ್‌ಗಳ ಸಾಲಿನಲ್ಲಿ ಮೆಚ್ಚಿದರು. ಲೇಬಲ್ ಮುಚ್ಚಿದರೆ ನಾಲಿಗೆ ಬೇರೆ ಮಾತು ಹೇಳುತ್ತೆ.

ಗ್ರೋವರ್ ಒಬ್ಬರೇ ಅಲ್ಲ. ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ ಶಾಮ್ ಚೌಗುಲೆ 1980ರ ದಶಕದಲ್ಲೇ ಬುರುಗಿನ ವೈನ್ ಮಾಡಿ ವಿದೇಶಕ್ಕೆ ಕಳಿಸಿದ್ದರು. ಅಮೆರಿಕದಲ್ಲಿ ಒರಾಕಲ್ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ನಾಸಿಕದಲ್ಲಿ ಸುಲಾ ಕಟ್ಟಿದರು. ಸಾಫ್ಟ್‌ವೇರಿನವರಿಗೆ ಇದು ಹಗಲುಗನಸಿನ ವಿಷಯ, ನಾನೂ ಹೊರತಲ್ಲ. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ವೈನ್ ನೀತಿ ತಂದವು. ಈಗ ನಮ್ಮ ರಾಜ್ಯದಲ್ಲಿ ನಂದಿ ಕಣಿವೆ, ಕೃಷ್ಣಾ ಕಣಿವೆ, ಹಂಪಿ ಹಿಲ್ಸ್ ಅಂತ ಲೇಬಲ್ ಮೇಲೆ ಕಾಣೋ ಹೆಸರುಗಳಿವೆ.

ಗಾಜಿಯಾಬಾದಿಗೆ ಬರೋ ದಾರಿ

ಇಲ್ಲಿ ಗಾಜಿಯಾಬಾದಿನ ಮಾತು ಬರಲೇಬೇಕು. ಈ ಊರಿಗೂ ಮದ್ಯಕ್ಕೂ ಹಳೆಯ ನಂಟು. ದೆಹಲಿ ಮೆಟ್ರೋದ ಕೆಂಪು ಮಾರ್ಗ 2019ರಲ್ಲಿ ಗಾಜಿಯಾಬಾದಿನ ಒಳಗೆ ಬಂತು. ಅದರಲ್ಲಿ ಮೋಹನ್ ನಗರ ಅಂತ ಒಂದು ಸ್ಟೇಷನ್ ಇದೆ. ಆ ಮೋಹನ್ ಅಂದರೆ ಎನ್. ಎನ್. ಮೋಹನ್. 1855ರಲ್ಲಿ ಎಡ್ವರ್ಡ್ ಡೈಯರ್ ಕಸೌಲಿಯಲ್ಲಿ ಶುರುಮಾಡಿದ ಬ್ರೂವರಿಯ ಕಂಪನಿಯನ್ನ 1949ರಲ್ಲಿ ಇವರು ಕೈಗೆ ತೆಗೆದುಕೊಂಡರು. ಈ ಡೈಯರ್ ಜಲಿಯನ್‌ವಾಲಾಬಾಗಿನ ಜನರಲ್ ಡೈಯರನ ತಂದೆ. ಮೋಹನ್ ಮೀಕಿನ್ ಆಗಿ ಬೆಳೆದ ಆ ಕಂಪನಿ 1954ರಲ್ಲಿ ಓಲ್ಡ್ ಮಾಂಕ್ ರಮ್ ತಂದಿತು. ಅಂದರೆ ಈ ಊರಿನ ನಾಲಿಗೆ ಕಬ್ಬಿನದು, ಕಾಕಂಬಿಯದು. ಪಶ್ಚಿಮ ಉತ್ತರ ಪ್ರದೇಶದ ತುಂಬ ಕಬ್ಬು ತಾನೇ.

ಹಾಗಾದರೆ ನಂದಿಯ ಬಾಟಲಿ ಇಲ್ಲಿಗೆ ಹೇಗೆ ಬರುತ್ತೆ? ನಮ್ಮ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು ಮದ್ಯ, 51ನೇ ನಮೂದು ಅದರ ಮೇಲಿನ ಅಬಕಾರಿ ಸುಂಕ. 47ನೇ ವಿಧಿ ಮದ್ಯನಿಷೇಧದ ಕಡೆ ಪ್ರಯತ್ನ ಮಾಡಿ ಅಂತ ರಾಜ್ಯಗಳಿಗೆ ಹೇಳುತ್ತೆ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯೋ ಮದ್ಯ ಅದರ ಹೊರಗೇ ಉಳಿಯಿತು. ಹೀಗಾಗಿ ಒಂದೊಂದು ರಾಜ್ಯವೂ ವೈನಿಗೆ ಒಂದೊಂದು ದೇಶ ಇದ್ದ ಹಾಗೆ. ಲೇಬಲ್ ನೋಂದಣಿ ಬೇರೆ, ಸುಂಕ ಬೇರೆ, ಬಾಟಲಿ ಮೇಲೆ ಈ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಅನ್ನೋ ಮುದ್ರೆ ಬೇರೆ. ಸೇಬು, ಟೊಮೇಟೊ ಲಾರಿಯಲ್ಲಿ ಆರಾಮಾಗಿ ದಾಟೋ ಗಡಿಯನ್ನ ದ್ರಾಕ್ಷಾರಸ ಸುಲಭವಾಗಿ ದಾಟಲ್ಲ. ಗೆಳೆಯನಿಗೆ ಕರ್ನಾಟಕದ ವೈನ್ ಗೊತ್ತಿಲ್ಲದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ.

ದೊಡ್ಡಪ್ಪನ ಪ್ರಶ್ನೆ

ಇಷ್ಟಕ್ಕೇ ವಿಡಿಯೋ ಮುಗಿಸೋಣ ಅಂದುಕೊಂಡಿದ್ದೆ. ನಮ್ಮೂರ ವೈನ್ ಫ್ರೆಂಚರ ಪಕ್ಕದಲ್ಲಿ ನಿಂತಿತು, ಜೈ ಕರ್ನಾಟಕ, ಮುಗಿಯಿತು. ಆದರೆ ಮಾರನೇ ದಿನ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಈ ಕಥೆ ಹೇಳಿದೆ. ದೊಡ್ಡಪ್ಪ ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ, ಆದರೆ ಮೂವತ್ತು ವರ್ಷ ದ್ರಾಕ್ಷಿ ಚಪ್ಪರದ ಕೆಳಗೆ ಕಳೆದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನಮ್ ಹಣ್ಣಿಂದೇನಪ್ಪಾ ಅದು?"

ಅಲ್ಲ ದೊಡ್ಡಪ್ಪ, ಅಂದೆ. ಅಲ್ಲಿಗೆ ಮಾತು ನಿಂತುಹೋಯಿತು.

ನಮ್ಮ ಹಣ್ಣು ಅಂದರೆ ಬೆಂಗಳೂರು ಬ್ಲೂ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯೋ ಕಪ್ಪು ನೀಲಿ ದ್ರಾಕ್ಷಿ. ಸಿಪ್ಪೆ ದಪ್ಪ, ಒಳಗೆ ಬೀಜ, ಬಾಯಿಗೆ ಹಾಕಿ ಒತ್ತಿದರೆ ತಿರುಳು ಜಾರಿ ಬರುತ್ತೆ. ಬೆಂಗಳೂರಿನವರಿಗೆ ದ್ರಾಕ್ಷಿ ಜ್ಯೂಸ್ ಅಂದರೆ ಇದೇ ಪರಿಮಳ. ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. ರೋಗಕ್ಕೆ ಬೇಗ ಬಗ್ಗಲ್ಲ.

ಈ ತಳಿಯ ಜಾತಕ ನೋಡಿದರೆ ಅದು ಅಮೆರಿಕದ ಇಸಬೆಲ್ಲ. ಅಲ್ಲಿನ ಕಾಡುದ್ರಾಕ್ಷಿ ಲಬ್ರುಸ್ಕ ಮತ್ತು ಯುರೋಪಿನ ದ್ರಾಕ್ಷಿ ಸೇರಿ ಆದ ಬೆರಕೆ. 19ನೇ ಶತಮಾನದಲ್ಲಿ ಜಗತ್ತಿನ ಹಲವು ಕಡೆ ಹರಡಿತು. ಅದರ ಆ ಗಾಢ ಪರಿಮಳಕ್ಕೆ ವೈನ್ ಪಂಡಿತರು ಇಟ್ಟ ಹೆಸರು ನರಿವಾಸನೆ. ಫ್ರಾನ್ಸ್ 1934ರಲ್ಲಿ ಇಂಥ ಬೆರಕೆ ತಳಿಗಳ ವೈನ್ ಮಾರಾಟ ನಿಲ್ಲಿಸೋ ಕಾನೂನು ಮಾಡಿತು. ಮೆಥನಾಲ್ ಜಾಸ್ತಿ, ತಲೆ ಕೆಡುತ್ತೆ ಅನ್ನೋ ಆರೋಪಗಳೂ ಇದ್ದವು. ಆದರೆ ಆಗ ಅಲ್ಲಿ ವೈನ್ ಉತ್ಪಾದನೆ ವಿಪರೀತವಾಗಿ ಬೆಲೆ ಬಿದ್ದಿತ್ತು, ಯಾವುದನ್ನಾದರೂ ಹೊರಗಿಡಬೇಕಿತ್ತು ಅನ್ನೋದನ್ನ ಮರೆಯಬಾರದು. 2013ರ ಯುರೋಪ್ ಒಕ್ಕೂಟದ ನಿಯಮದಲ್ಲೂ ವೈನಿಗೆ ಬಳಸಬಾರದ ಆರು ತಳಿಗಳ ಪಟ್ಟಿ ಇದೆ, ಅದರಲ್ಲಿ ಇಸಬೆಲ್ಲ ಒಂದು. ಅದೇ 2013ರಲ್ಲಿ ಭಾರತದಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಒಂದೇ ಹಣ್ಣು, ಒಂದು ಕಡೆ ನಿಷೇಧ, ಇನ್ನೊಂದು ಕಡೆ ಗೌರವ.

ಈಗ ನಿಜವಾದ ತಮಾಷೆ ಕೇಳಿ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರ ಅನ್ನೋ ಸಣ್ಣ ಕೀಟ ಫ್ರಾನ್ಸಿನ ತೋಟಗಳನ್ನ ಬೇರಿನಿಂದ ತಿಂದುಹಾಕಿತು. ಕಾಶ್ಮೀರದಲ್ಲಿ ಮಹಾರಾಜ ರಣಬೀರ್ ಸಿಂಗ್ ಫ್ರೆಂಚ್ ಬಳ್ಳಿ ತರಿಸಿ ಬೆಳೆಸಿದ್ದ ವೈನ್ ತೋಟಗಳಿಗೂ 1890ರ ಹೊತ್ತಿಗೆ ಅದೇ ಕೀಟ ತಗುಲಿತು. ಕೊನೆಗೆ ಯುರೋಪನ್ನ ಉಳಿಸಿದ್ದು ಏನು? ಅಮೆರಿಕದ ಕಾಡುದ್ರಾಕ್ಷಿಯ ಬೇರು. ಅದರ ಮೇಲೆ ಫ್ರೆಂಚ್ ಬಳ್ಳಿ ಕಸಿ ಕಟ್ಟಿದರು. ಇವತ್ತು ನಮ್ಮಲ್ಲೂ ಡಾಗ್‌ರಿಜ್ ಅನ್ನೋ ಅಮೆರಿಕದ ಬೇರಿನ ಮೇಲೆ ಕಸಿ ಮಾಡೋದು ಸಾಮಾನ್ಯ. ಇನ್ನು ಆ ಮಹಾರಾಜನಂಥ ಕ್ಯಾಬರ್ನೆ ಸೊವಿನ್ಯೋನ್ ಕೂಡ ಬೆರಕೆಯೇ. ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್ ಅದರ ಅಪ್ಪ ಅಮ್ಮ ಅಂತ 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಹಾಗಿರುವಾಗ ಬೆರಕೆ ಅನ್ನೋ ಕಾರಣಕ್ಕೆ ಒಂದು ಹಣ್ಣನ್ನ ಕೀಳು ಅನ್ನೋದು ಹೇಗೆ?

ಹಾಗಂತ ಬೆಂಗಳೂರು ಬ್ಲೂ ಎಲ್ಲದಕ್ಕೂ ಸರಿ ಅಂತ ನಾನು ಹೇಳಲ್ಲ. ಅದರಿಂದ ಒಣ, ಒಗರು ವೈನ್ ಮಾಡಿದರೆ ಬೋರ್ಡೊ ಥರ ಆಗಲ್ಲ. ಆದರೆ ಗೋವಾದಲ್ಲಿ ಪೋರ್ಟ್ ಅಂತ ಮಾರೋ ಸಿಹಿ ವೈನ್‌ಗಳಿಗೆ ಈ ಹಣ್ಣು ಹೋಗುತ್ತೆ. ಬೆಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಮಾಡಿಡೋ ವೈನೂ ಇದರದ್ದೇ. ಪರಂಪರೆ ಇದೆ. ಲೇಬಲ್ ಇಲ್ಲ, ಅಷ್ಟೇ.

ಮತ್ತೆ ಬೆಲೆ ಇಲ್ಲ. 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೊಯ್ಲಿಗೆ ಬಂದ ದ್ರಾಕ್ಷಿಯನ್ನ ಕೇಳೋರಿಲ್ಲದೆ ರೈತರು ತಿಪ್ಪೆಗೆ ಸುರಿದರು. ದೊಡ್ಡಪ್ಪನೂ ಸುರಿದರು. ಅವತ್ತು ನಾನು ಇದೇ ಫ್ಲಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಫೋನಿನಲ್ಲಿ ಬರೀ ಹೂಂ ಅಂತಿದ್ದೆ. ತಾಜಾ ಹಣ್ಣು ನಾಲ್ಕು ದಿನ ಇರುತ್ತೆ, ವೈನ್ ನಾಲ್ಕು ವರ್ಷ ಇರುತ್ತೆ. ವೈನ್ ಉದ್ಯಮದ ನಿಜವಾದ ಲಾಭ ರೈತನಿಗೆ ಅದೇ, ಕಾಯೋದಕ್ಕೆ ಸಮಯ. ಆ ಸಮಯ ಸಿಕ್ಕಿದ್ದು ಹೊಸ ತಳಿ ಹಾಕೋ ದುಡ್ಡು, ಕಾಂಟ್ರ್ಯಾಕ್ಟ್ ಇದ್ದವರಿಗೆ. ಎರಡು ಎಕರೆ ಚಪ್ಪರದವರಿಗೆ ಅಲ್ಲ. ಮರುವರ್ಷ ದೊಡ್ಡಪ್ಪ ಕಲ್ಲುಕಂಬ ಕಿತ್ತು ಅರ್ಧ ತೋಟಕ್ಕೆ ಹೂ ಹಾಕಿದರು.

ಹಾಗಾಗಿ ಗೆಳೆಯನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ: ಹೌದು, ಕರ್ನಾಟಕದಲ್ಲಿ ವೈನ್ ಆಗುತ್ತೆ, ಒಳ್ಳೆಯದೇ ಆಗುತ್ತೆ. ಯಾವ ನೆಲದಲ್ಲಿ ಆಗಬಾರದು ಅಂತ ಪುಸ್ತಕ ಹೇಳಿತ್ತೋ ಅಲ್ಲಿ ಕತ್ತರಿ ಹಿಡಿದ ಕೈಗಳು ಅದನ್ನ ಆಗಿಸಿವೆ. ದೊಡ್ಡಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ. ಅನಿರೀಕ್ಷಿತ ಪ್ರದೇಶಕ್ಕೆ ಜಗತ್ತು ಈಗ ಒಂದು ಕುರ್ಚಿ ಹಾಕಿದೆ. ಅನಿರೀಕ್ಷಿತ ಹಣ್ಣಿಗೆ ಇನ್ನೂ ಹಾಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಬೆಂಗಳೂರು ಬ್ಲೂನಿಂದ ಮಾಡಿದ್ದನ್ನೂ ಹುಡುಕಿ, ಪೇಪರ್ ಸುತ್ತದೆ, ಹೆಸರು ಹೇಳಿಯೇ ರುಚಿ ನೋಡಬೇಕು ಅಂತಿದ್ದೀನಿ. ದೊಡ್ಡಪ್ಪನಿಗೆ ಜ್ಯೂಸ್.

ಸರಿ, ಇವತ್ತಿಗೆ ಇಷ್ಟು. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ಅಲ್ಲಿವರೆಗೆ, ಮಾರ್ಕೆಟ್ಟಿನಲ್ಲಿ ಬೀಜ ಇರೋ ಆ ಕಪ್ಪು ದ್ರಾಕ್ಷಿ ಕಂಡರೆ ಅರ್ಧ ಕೇಜಿ ತಗೊಳ್ಳಿ. ನಮಸ್ಕಾರ.